ಅರ್ಧ ಓದಿದ ಪ್ರಬಂಧ, ಪೂರ್ತಿ ಸಿಕ್ಕ ಕೀರ್ತಿ

ಸಾವಿರಾರು ಕೆಟಗರಿಗಳಿರುವ ಕಾಲಂ ಒಂದನ್ನು ಮುನ್ಸೂಚನೆಯ ಮಾಡೆಲ್ಲಿಗೆ ಹೇಗೆ ಕೊಡುತ್ತೀರಿ ಎಂದು ಡೇಟಾ ಸೈನ್ಸ್ ಕೆಲಸದ ಸಂದರ್ಶನದಲ್ಲಿ ಕೇಳಿದರೆ ಬರುವ ಉತ್ತರ ಈಗ ಹೆಚ್ಚುಕಡಿಮೆ ಒಂದೇ: ಟಾರ್ಗೆಟ್ ಎನ್‌ಕೋಡಿಂಗ್. ಪಿನ್ ಕೋಡ್ ಇರಲಿ, ಅಂಗಡಿಯ ಹೆಸರಿರಲಿ, ಮೇಲಧಿಕಾರಿಯ ನಂಬರಿರಲಿ, ಆ ಕೆಟಗರಿಗೆ ಸೇರಿದ ಹಳೆಯ ಸಾಲುಗಳಲ್ಲಿ ಫಲಿತದ ಸರಾಸರಿ ಎಷ್ಟೋ ಅದನ್ನೇ ಹೆಸರಿನ ಜಾಗದಲ್ಲಿ ಕೂರಿಸಿಬಿಡುವುದು. ಸಾವಿರ ಹೆಸರು ಹೋಗಿ ಅಂಕಿಗಳ ಒಂದು ಕಾಲಂ ಬರುತ್ತದೆ. ಕೋಡು ಒಂದೇ ಸಾಲು. ಕ್ಯಾಗಲ್ ಎಂಬ ತಾಣದ ಡೇಟಾ ಸ್ಪರ್ಧೆಗಳಲ್ಲಿ ಗೆದ್ದವರ ಟಿಪ್ಪಣಿಗಳು ಇದಕ್ಕೆ ತೊಡಿಸಿದ ಪ್ರಭಾವಳಿ ಬೇರೆ. ಈ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ವಾದ. ಇದೇ ಕೆಲಸವನ್ನು ಎಷ್ಟೋ ಮೊದಲೇ, ಎಷ್ಟೋ ಪ್ರಾಮಾಣಿಕವಾಗಿ ಮಾಡಿದ ಒಂದು ಪರಂಪರೆ ಸಂಖ್ಯಾಶಾಸ್ತ್ರದಲ್ಲಿದೆ. ಗದ್ದಲದಲ್ಲಿ ಅದು ಯಾರಿಗೂ ಬೇಡವಾಗಿದೆ ಎಂಬುದು ಅದಕ್ಕಿಂತ ದೊಡ್ಡ ತಕರಾರು.

ಒನ್-ಹಾಟ್ ಎನ್‌ಕೋಡಿಂಗಿನ ಕಷ್ಟಗಳನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಏಳು ಸಾವಿರ ಹೆಸರಿಗೆ ಏಳು ಸಾವಿರ ಕಾಲಂ ಮಾಡಿದರೆ ಡಿಸಿಷನ್ ಟ್ರೀ ಮರಗಳು ಸೊರಗುತ್ತವೆ, ಮೆಮೊರಿ ಉಬ್ಬುತ್ತದೆ. ಹೆಸರುಗಳನ್ನು ಹಾಗೆಯೇ ಕೊಡೋಣವೆಂದರೆ ಆರ್ ಭಾಷೆಯ ಹಳೆಯ ರ‍್ಯಾಂಡಮ್ ಫಾರೆಸ್ಟ್ ಪ್ಯಾಕೇಜು 53ಕ್ಕಿಂತ ಹೆಚ್ಚು ಕೆಟಗರಿ ಕೊಟ್ಟರೆ ಕೆಲಸವನ್ನೇ ನಿರಾಕರಿಸುತ್ತದೆ. ಹ್ಯಾಶಿಂಗ್ ಮಾಡಿದರೆ ಸಂಬಂಧವಿಲ್ಲದ ಹೆಸರುಗಳು ಒಂದೇ ಡಬ್ಬಕ್ಕೆ ಬೀಳುತ್ತವೆ. ಟಾರ್ಗೆಟ್ ಎನ್‌ಕೋಡಿಂಗಿಗೆ ಬೇಡಿಕೆ ಹುಟ್ಟಿದ್ದು ನಿಜವಾದ ಅಗತ್ಯದಿಂದಲೇ. ಆ ಅಗತ್ಯವನ್ನು ಅದು ಎಷ್ಟರಮಟ್ಟಿಗೆ ತೀರಿಸುತ್ತದೆ ಎನ್ನುವುದು ನಮ್ಮ ಪ್ರಶ್ನೆ.

ಎಲ್ಲರೂ ಬೊಟ್ಟು ಮಾಡುವ ಮೂಲ ಗ್ರಂಥ ಒಂದಿದೆ. ಡ್ಯಾನಿಯೆಲೆ ಮಿಕ್ಕಿ-ಬರ್ರೆಕಾ 2001ರಲ್ಲಿ ಸಿಗ್‌ಕೆಡಿಡಿ ಎಕ್ಸ್‌ಪ್ಲೊರೇಶನ್ಸ್ ಪತ್ರಿಕೆಯಲ್ಲಿ ಬರೆದ ಕೆಲವೇ ಪುಟಗಳ ಪ್ರಬಂಧ. ಅದನ್ನು ಹೆಸರಿಸುವವರು ಬಹಳ, ಕೊನೆಯವರೆಗೆ ಓದಿದವರು ಕಡಿಮೆ ಎಂಬ ಅನುಮಾನ ನನ್ನದು. ಏಕೆಂದರೆ ಪ್ರಬಂಧದಲ್ಲಿ ಮೂರು ವಿಚಾರಗಳಿವೆ. ಕೆಟಗರಿಯ ಸರಾಸರಿಯನ್ನು ಒಟ್ಟು ಸರಾಸರಿಯ ಜೊತೆ ಬೆರೆಸಬೇಕು, ಬೆರಕೆಯ ಪ್ರಮಾಣ ಸಾಲುಗಳ ಸಂಖ್ಯೆಯನ್ನು ಅವಲಂಬಿಸಬೇಕು ಎನ್ನುವುದು ಮೊದಲನೆಯದು. ಈ ಬೆರಕೆ ಹೊಸದೇನಲ್ಲ, ಎಷ್ಟು ಬೆರೆಸಬೇಕೆಂದು ಡೇಟಾದಿಂದಲೇ ಕಲಿಯುವ ಎಂಪಿರಿಕಲ್ ಬೇಯ್ಸ್ ಚಿಂತನೆಯ ಕೂಸು, ವೇರಿಯನ್ಸುಗಳ ಅನುಪಾತದಿಂದ ಅದನ್ನು ಪಡೆಯಬಹುದು ಎನ್ನುವುದು ಎರಡನೆಯದು. ಕೆಟಗರಿಗಳಿಗೆ ಏಣಿಶ್ರೇಣಿ ಇದ್ದಾಗ, ಅಮೆರಿಕದ ಜಿಪ್ ಕೋಡಿನಂತೆ, ಬೆರೆಸಬೇಕಾದ್ದು ಒಟ್ಟು ಸರಾಸರಿಯನ್ನಲ್ಲ, ಒಂದು ಮೆಟ್ಟಿಲು ಮೇಲಿನ ಗುಂಪಿನ ಸರಾಸರಿಯನ್ನು ಎನ್ನುವುದು ಮೂರನೆಯದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಕೆಯಲ್ಲಿ ಬಹುಪಾಲು ಉಳಿದದ್ದು ಮೊದಲನೆಯದು. ಅದೂ ಅದರ ಅತ್ಯಂತ ದುರ್ಬಲ ರೂಪದಲ್ಲಿ. ಆ ರೂಪದ ಹೆಸರು ಸಿಗ್ಮಾಯ್ಡ್.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಟಗರಿಯ ಸ್ವಂತ ಸರಾಸರಿಗೆ ಕೊಡುವ ತೂಕವನ್ನು ನಿರ್ಧರಿಸುವುದು ಎರಡು ತಿರುಪುಗಳು. ಒಂದು ಎಷ್ಟು ಸಾಲಿಗೆ ತೂಕ ಅರ್ಧವಾಗಬೇಕು ಎಂದು ಹೇಳುತ್ತದೆ, ಇನ್ನೊಂದು ಆ ಏರಿಕೆ ಎಷ್ಟು ಕಡಿದಾಗಿರಬೇಕು ಎಂದು. ಮೊದಲನೆಯದನ್ನು 20ಕ್ಕೂ ಎರಡನೆಯದನ್ನು 10ಕ್ಕೂ ಇಡೋಣ. 60 ಸಾಲುಗಳಿರುವ ಕೆಟಗರಿಗೆ ಸಿಗುವ ತೂಕ 0.98. 100 ಸಾಲಿಗೆ 0.9997. ಅಂದರೆ ನೂರು ಸಾಲು ಸಿಕ್ಕಿದ ಕೂಡಲೇ ಈ ಸೂತ್ರದ ಪಾಲಿಗೆ ಅನುಮಾನ ಎಂಬುದೇ ಮುಗಿದುಹೋಯಿತು. ನಿಜಕ್ಕೂ ಮುಗಿಯಿತೇ? ಶೇಕಡ 6ರಷ್ಟು ಸಲ ಮಾತ್ರ ನಡೆಯುವ ಘಟನೆಯನ್ನು ನೂರು ಸಾಲುಗಳಲ್ಲಿ ಎಣಿಸಿದರೆ ಅಂದಾಜಿನ ಸ್ಟ್ಯಾಂಡರ್ಡ್ ಎರರ್ ಸುಮಾರು ಶೇಕಡ 2.4. ಆರರಲ್ಲಿ ಎರಡೂವರೆ ಅಲ್ಲಾಡುವ ಸಂಖ್ಯೆಯನ್ನು ಈ ಸೂತ್ರ ಶಿಲಾಶಾಸನದಂತೆ ಒಪ್ಪಿಕೊಳ್ಳುತ್ತದೆ.

ಇದರ ಪಕ್ಕದಲ್ಲಿ ವಿಮಾ ಗಣಿತದವರ ಸೂತ್ರವನ್ನು ಇಟ್ಟು ನೋಡಿ. ಸಾಲುಗಳ ಸಂಖ್ಯೆಯನ್ನು, ಸಾಲುಗಳ ಸಂಖ್ಯೆಗೆ ಒಂದು ಸ್ಥಿರಾಂಕ ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಬರುವುದೇ ತೂಕ. ಸ್ಥಿರಾಂಕ 20 ಆದರೆ 60 ಸಾಲಿಗೆ ತೂಕ 0.75, 100 ಸಾಲಿಗೆ 0.83. ಎರಡೂ ಸೂತ್ರಗಳು 20 ಸಾಲಿಗೆ ಅರ್ಧ ತೂಕವನ್ನೇ ಕೊಡುತ್ತವೆ. ಅಲ್ಲಿಂದಾಚೆ ದಾರಿ ಬೇರೆಯಾಗುತ್ತದೆ. ಒಂದರಲ್ಲಿ ನಂಬಿಕೆ ನಿಧಾನವಾಗಿ, ಸಾಕ್ಷ್ಯ ಬಂದಷ್ಟು ಬೆಳೆಯುತ್ತದೆ. ಇನ್ನೊಂದರಲ್ಲಿ ಥಟ್ಟನೆ ನೆಗೆಯುತ್ತದೆ. ಕೆಳತುದಿಯಲ್ಲೂ ಸಿಗ್ಮಾಯ್ಡ್ ಎಡವುತ್ತದೆ: ಒಂದು ಸಾಲೂ ಇಲ್ಲದ ಕೆಟಗರಿಗೆ ಅದು ಕೊಡುವ ತೂಕ ಸೊನ್ನೆಯಲ್ಲ. ಎರಡು ತಿರುಪುಗಳನ್ನೂ 1ಕ್ಕೆ ಇಟ್ಟರೆ ಅದು 0.27. ಇಲ್ಲದ ಸಾಕ್ಷ್ಯಕ್ಕೆ ಕಾಲುಭಾಗ ಮರ್ಯಾದೆ! ವಕ್ರರೇಖೆಯ ಈ ಆಕಾರಕ್ಕೆ ಸಮರ್ಥನೆಯಾಗಿ ಅದು ನುಣುಪಾಗಿದೆ, ಏರುತ್ತಾ ಹೋಗುತ್ತದೆ ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಿದವರನ್ನು ನಾನು ಕಂಡಿಲ್ಲ.

ಒಂದು ನಿಜವಾದ ಡೇಟಾದ ಮೇಲೆ ಇದರ ಪರಿಣಾಮವನ್ನು ಲೆಕ್ಕ ಹಾಕಬಹುದು. 2013ರಲ್ಲಿ ಅಮೆಜಾನ್ ಕಂಪನಿ ಕ್ಯಾಗಲ್‌ನಲ್ಲಿ ಒಂದು ಸ್ಪರ್ಧೆ ಇಟ್ಟಿತ್ತು. ಉದ್ಯೋಗಿಯೊಬ್ಬರು ಯಾವುದೋ ಕಂಪ್ಯೂಟರ್ ಸಂಪನ್ಮೂಲಕ್ಕೆ ಅನುಮತಿ ಕೇಳಿದ್ದಾರೆ. ಕೊಡಲಾಗುವುದೇ, ಇಲ್ಲವೇ ಎಂದು ಮುಂಚಿತವಾಗಿ ಹೇಳಬೇಕು. ತರಬೇತಿಗೆ 32,769 ಸಾಲುಗಳು. ಕಾಲಂಗಳೆಲ್ಲವೂ ಕೆಟಗರಿಗಳೇ. ಸಂಪನ್ಮೂಲದ ಕಾಲಂ ಒಂದರಲ್ಲೇ ಏಳೂವರೆ ಸಾವಿರ ಬೇರೆ ಬೇರೆ ನಂಬರುಗಳು, ಅಂದರೆ ಸರಾಸರಿ ನಂಬರಿಗೆ ನಾಲ್ಕು ಚಿಲ್ಲರೆ ಸಾಲು. ಒಟ್ಟಾರೆ ಶೇಕಡ 94ರಷ್ಟು ಕೋರಿಕೆಗಳಿಗೆ ಅನುಮತಿ ಸಿಕ್ಕಿದೆ. ಈಗ ಒಬ್ಬ ಮ್ಯಾನೇಜರನ್ನು ಊಹಿಸಿಕೊಳ್ಳಿ. ಅವರ ಹೆಸರಿನಲ್ಲಿರುವುದು ಎರಡೇ ಸಾಲು, ಎರಡಕ್ಕೂ ಅನುಮತಿ ನಿರಾಕರಣೆ. ಅವರಿಗೆ ಯಾವ ಅಂಕಿ ಕೊಡಬೇಕು? ಬೆರಕೆಯಿಲ್ಲದ ಸರಾಸರಿ ಸೊನ್ನೆ. ಸಿಗ್ಮಾಯ್ಡ್‌ನ ಎರಡೂ ತಿರುಪುಗಳು 1 ಆದರೆ 0.25. ಅದೇ ತಿರುಪುಗಳು 20 ಮತ್ತು 10 ಆದರೆ 0.81. ವಿಮಾ ಸೂತ್ರದಲ್ಲಿ ಸ್ಥಿರಾಂಕ 10 ಆದರೆ 0.78. ಒಬ್ಬನೇ ಮನುಷ್ಯ, ಎರಡೇ ಸಾಲು. ಉತ್ತರ ಮಾತ್ರ ಸೊನ್ನೆಯಿಂದ 0.81ರವರೆಗೆ ಎಲ್ಲಿ ಬೇಕಾದರೂ. ಹಾಗಾದರೆ ಇಲ್ಲಿ ಮುನ್ಸೂಚನೆ ಹೇಳುತ್ತಿರುವುದು ಡೇಟಾವೋ, ತಿರುಪು ತಿರುಗಿಸಿದವರ ಕೈಯೋ? ಕ್ರಾಸ್ ವ್ಯಾಲಿಡೇಶನ್ ಮಾಡಿ ತಿರುಪು ಹೊಂದಿಸುತ್ತೇವೆ ಎಂಬ ಉತ್ತರ ಸಿದ್ಧವಿರುತ್ತದೆ. ಒಂಬತ್ತು ಕಾಲಂಗಳಿಗೆ ಹದಿನೆಂಟು ತಿರುಪುಗಳನ್ನು ಬೇರೆ ಬೇರೆಯಾಗಿ ಹೊಂದಿಸಿದ ಒಂದು ಪ್ರಾಜೆಕ್ಟನ್ನೂ ನಾನು ನೋಡಿಲ್ಲ. ಎಲ್ಲ ಕಾಲಂಗೂ ಲೈಬ್ರರಿ ಕೊಟ್ಟ ಡೀಫಾಲ್ಟ್ ಬೆಲೆಯೇ ಗತಿ.

ಡೀಫಾಲ್ಟಿನ ಮಾತು ಬಂದದ್ದರಿಂದ ಸೈಕಿಟ್-ಲರ್ನ್ ಲೈಬ್ರರಿಯ ವಿಷಯ ಹೇಳಲೇಬೇಕು. 2023ರಲ್ಲಿ ಬಂದ 1.3ನೇ ಆವೃತ್ತಿಯಲ್ಲಿ ಅದು ಟಾರ್ಗೆಟ್ ಎನ್‌ಕೋಡರನ್ನು ಸೇರಿಸಿಕೊಂಡಾಗ, ಇನ್ನು ಇದಕ್ಕೆ ಅಧಿಕೃತ ಮುದ್ರೆ ಬಿತ್ತು ಎಂದು ಸಂಭ್ರಮಿಸಿದವರಿದ್ದರು. ತಿರುಪಿನ ಕಾಟವೂ ಇಲ್ಲ; ಆಟೋ ಎಂದು ಬಿಟ್ಟರೆ ಎಂಪಿರಿಕಲ್ ಬೇಯ್ಸ್ ರೀತಿಯಲ್ಲಿ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಆ ಲೆಕ್ಕ ಯಾವುದು? ಆಯಾ ಕೆಟಗರಿಯ ಒಳಗಿನ ವೇರಿಯನ್ಸನ್ನು ಇಡೀ ಫಲಿತದ ವೇರಿಯನ್ಸಿನಿಂದ ಭಾಗಿಸಿ ಸ್ಥಿರಾಂಕ ಪಡೆಯುವುದು. ನಮ್ಮ ಮ್ಯಾನೇಜರಿಗೆ ಇದನ್ನು ಅನ್ವಯಿಸಿ. ಎರಡೂ ಸಾಲು ನಿರಾಕರಣೆ, ಆದ್ದರಿಂದ ಒಳಗಿನ ವೇರಿಯನ್ಸ್ ಸೊನ್ನೆ. ಸ್ಥಿರಾಂಕವೂ ಸೊನ್ನೆ. ಸ್ವಂತ ಸರಾಸರಿಗೆ ಪೂರ್ಣ ತೂಕ, ಎನ್‌ಕೋಡಿಂಗ್ ಸೊನ್ನೆ. ಪಕ್ಕದಲ್ಲಿ ಇನ್ನೊಬ್ಬ ಮ್ಯಾನೇಜರಿಗೆ ಒಂದು ಅನುಮತಿ, ಒಂದು ನಿರಾಕರಣೆ. ಅವರ ಒಳಗಿನ ವೇರಿಯನ್ಸ್ 0.25, ಒಟ್ಟು ವೇರಿಯನ್ಸ್ 0.056, ಸ್ವಂತ ಸರಾಸರಿಗೆ ಸಿಗುವ ತೂಕ 0.31 ಮಾತ್ರ. ಇಬ್ಬರಿಗೂ ಇರುವುದು ಎರಡೆರಡೇ ಸಾಲು. ಯಾರ ಅಂಕಿ ಹೆಚ್ಚು ವಿಪರೀತವೋ, ಯಾರನ್ನು ಒಟ್ಟು ಸರಾಸರಿಯ ಕಡೆಗೆ ಹೆಚ್ಚು ಎಳೆಯಬೇಕೋ, ಅವರನ್ನೇ ಸೂತ್ರ ಮುಟ್ಟದೆ ಬಿಟ್ಟಿದೆ. ಎಂಪಿರಿಕಲ್ ಬೇಯ್ಸ್ ಚಿಂತನೆಯ ಇಡೀ ಉದ್ದೇಶವೇ ಇದಕ್ಕೆ ವಿರುದ್ಧವಾದದ್ದು. ಲೈಬ್ರರಿಯವರು ಇದನ್ನು ಮುಚ್ಚಿಟ್ಟಿಲ್ಲ, ಸೂತ್ರವನ್ನು ದಾಖಲೆಯಲ್ಲಿ ಬರೆದಿದ್ದಾರೆ. ತರಬೇತಿಯ ಹೊತ್ತಿನಲ್ಲಿ ಡೇಟಾವನ್ನು ಐದು ತುಂಡು ಮಾಡಿ, ಸಾಲಿನ ಫಲಿತ ಅದರ ಇನ್‌ಪುಟ್ಟಿಗೇ ಸೋರುವುದನ್ನೂ ತಡೆಯುತ್ತಾರೆ. ಓದದೆ ಬಳಸುವವರ ತಪ್ಪನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ, ತಿರುಪು ಹೋಯಿತೆಂದು ಸಂಭ್ರಮಿಸಿದವರು ತಿರುಪಿನ ಬದಲು ಏನು ಬಂತು ಎಂದು ನೋಡಬೇಕಿತ್ತು.

ಸೋರಿಕೆಯ ಪ್ರಕರಣ ಇನ್ನೂ ಸ್ವಾರಸ್ಯದ್ದು. ಒಂದೇ ಸಾಲಿರುವ ಕೆಟಗರಿಯ ಸರಾಸರಿ ಎಂದರೆ ಆ ಸಾಲಿನ ಫಲಿತವೇ. ಅದನ್ನು ಇನ್‌ಪುಟ್ ಆಗಿ ಕೊಟ್ಟ ಮಾಡೆಲ್ಲಿನ ತರಬೇತಿಯ ಅಂಕ, ಕೀ ಆನ್ಸರ್ ಇಟ್ಟುಕೊಂಡು ಪರೀಕ್ಷೆ ಬರೆದ ಹುಡುಗನ ಅಂಕದ ಹಾಗೆ. ಇಷ್ಟು ಎಲ್ಲರಿಗೂ ಗೊತ್ತು. ಇದಕ್ಕೆ ಮದ್ದೆಂದು ಹಲವರು ಬಹುಕಾಲ ನಂಬಿದ್ದು ಲೀವ್-ಒನ್-ಔಟ್ ವಿಧಾನವನ್ನು: ಪ್ರತಿ ಸಾಲಿಗೂ ಅದರ ಸ್ವಂತ ಫಲಿತವನ್ನು ಬಿಟ್ಟು, ಉಳಿದ ಸಾಲುಗಳ ಸರಾಸರಿ ತೆಗೆಯುವುದು. ನೋಡಿದರೆ ನಿರ್ದೋಷಿ. ಹತ್ತು ಸಾಲುಗಳಿರುವ ಒಂದು ಕೆಟಗರಿ ತೆಗೆದುಕೊಳ್ಳಿ. ನಾಲ್ಕರಲ್ಲಿ ಫಲಿತ 1, ಆರರಲ್ಲಿ 0. ಫಲಿತ 1 ಇರುವ ಸಾಲು ತನ್ನನ್ನು ಬಿಟ್ಟು ಎಣಿಸಿದರೆ ಒಂಬತ್ತರಲ್ಲಿ ಮೂರು, ಅಂದರೆ 0.33. ಫಲಿತ 0 ಇರುವ ಸಾಲು ತನ್ನನ್ನು ಬಿಟ್ಟು ಎಣಿಸಿದರೆ ಒಂಬತ್ತರಲ್ಲಿ ನಾಲ್ಕು, ಅಂದರೆ 0.44. ಇಡೀ ಕೆಟಗರಿಯಲ್ಲಿ ಇರುವುದು ಈ ಎರಡೇ ಅಂಕಿ. 0.4ರಲ್ಲಿ ಒಂದು ಗೆರೆ ಎಳೆದರೆ ಮುಗಿಯಿತು: ಎಡಕ್ಕೆ ಬಿದ್ದವೆಲ್ಲ 1, ಬಲಕ್ಕೆ ಬಿದ್ದವೆಲ್ಲ 0. ಡಿಸಿಷನ್ ಟ್ರೀ ಈ ಗೆರೆಯನ್ನು ಕ್ಷಣದಲ್ಲಿ ಹುಡುಕಿಕೊಳ್ಳುತ್ತದೆ. ಉತ್ತರವನ್ನು ಅಡಗಿಸಲು ಹೋಗಿ ತಲೆಕೆಳಗು ಮಾಡಿ ಬರೆದಿಟ್ಟಂತಾಯಿತು. ಎಲ್ಲ ಸಾಲಿಗೂ ಒಂದೇ ಹೆಸರಿರುವ, ಯಾವ ಮಾಹಿತಿಯೂ ಇಲ್ಲದ ಕಾಲಂ ಕೊಟ್ಟರೂ ಈ ವಿಧಾನ ತರಬೇತಿಯಲ್ಲಿ ಪೂರ್ಣ ಅಂಕ ಗಳಿಸುತ್ತದೆ.

ಈ ಪೇಚನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿದ್ದು ಕ್ಯಾಟ್‌ಬೂಸ್ಟ್ ಲೈಬ್ರರಿ ರೂಪಿಸಿದ ಯಾಂಡೆಕ್ಸ್ ಬಳಗದ 2018ರ ಪ್ರಬಂಧ. ಅವರ ಪರಿಹಾರವೂ ಚೆಂದವಿದೆ. ಸಾಲುಗಳನ್ನು ಯಾದೃಚ್ಛಿಕವಾಗಿ ಕಲಸಿ ಒಂದು ಸರದಿಯಲ್ಲಿ ನಿಲ್ಲಿಸುವುದು, ಪ್ರತಿ ಸಾಲಿಗೂ ಅದಕ್ಕಿಂತ ಮುಂದೆ ನಿಂತವರ ಫಲಿತ ಮಾತ್ರ ಕಾಣುವಂತೆ ಮಾಡುವುದು. ಸರದಿಯ ಮೊದಲಲ್ಲಿ ನಿಂತವರಿಗೆ ಸಿಗುವ ಅಂದಾಜು ಒರಟಾಗಿರುತ್ತದೆ, ಅದಕ್ಕಾಗಿ ಹಲವು ಸರದಿಗಳನ್ನು ಬಳಸುತ್ತಾರೆ. ಇಡೀ ಟಾರ್ಗೆಟ್ ಎನ್‌ಕೋಡಿಂಗ್ ಸಾಹಿತ್ಯದಲ್ಲಿ ನನಗೆ ಗೌರವ ಇರುವ ಕೆಲಸ ಇದು. ಆದರೆ ಅಲ್ಲಿಯೂ ಒಟ್ಟು ಸರಾಸರಿಗೆ ಎಷ್ಟು ತೂಕ ಎಂಬುದು ಬಳಕೆದಾರರು ಕೊಡುವ ಸಂಖ್ಯೆಯಾಗಿಯೇ ಉಳಿಯಿತು. ಸೋರಿಕೆಯ ಕಳ್ಳನನ್ನು ಹಿಡಿದವರು ಬೆರಕೆಯ ಪ್ರಮಾಣವನ್ನು ಡೇಟಾದಿಂದಲೇ ಕೇಳಿ ತಿಳಿಯುವ ಗೋಜಿಗೆ ಹೋಗಲಿಲ್ಲ.

ಇನ್ನು ಈ ವಿಷಯದಲ್ಲಿ ಮಾತಾಡುವ ಇತರರ ಕಡೆಗೆ ತಿರುಗಬೇಕು. ಮೊದಲನೆಯವರು ಎಂಬೆಡಿಂಗ್ ಪಂಥದವರು. ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಎನ್‌ಕೋಡಿಂಗಿನ ಜಗಳವೇ ಹಳತಾಯಿತು, ಪ್ರತಿ ಕೆಟಗರಿಗೂ ಒಂದು ವೆಕ್ಟರ್ ಕಲಿತರಾಯಿತು ಎಂದು ಇವರ ವಾದ. ಇವರ ಪವಿತ್ರ ಚಿತ್ರ ಗುವೊ ಮತ್ತು ಬೆರ್ಕಾನ್ ಅವರ 2016ರ ಪ್ರಬಂಧದಲ್ಲಿದೆ. ರಾಸ್ಮನ್ ಎಂಬ ಔಷಧಿ ಅಂಗಡಿಗಳ ಸರಣಿಯ ಮಾರಾಟದ ಡೇಟಾ ಕಲಿತ ನೆಟ್‌ವರ್ಕು ಜರ್ಮನಿಯ ರಾಜ್ಯಗಳಿಗೆ ಕೊಟ್ಟ ವೆಕ್ಟರುಗಳನ್ನು ಕಾಗದದ ಮೇಲೆ ಇಳಿಸಿದರೆ, ಅವು ಹೆಚ್ಚುಕಡಿಮೆ ಜರ್ಮನಿಯ ಭೂಪಟದಂತೆ ಜೋಡಣೆಯಾಗಿದ್ದವು. ಭೂಗೋಳವನ್ನೇ ಹೇಳಿಕೊಡದೆ ನೆಟ್‌ವರ್ಕ್ ಭೂಪಟ ಬಿಡಿಸಿತು ಎಂದು ಈ ಚಿತ್ರವನ್ನು ಎಷ್ಟು ಉಪನ್ಯಾಸಗಳಲ್ಲಿ ತೋರಿಸಿದ್ದಾರೋ ಲೆಕ್ಕವಿಲ್ಲ. ಚಿತ್ರ ಸುಂದರವೇ. ಆದರೆ ಜರ್ಮನಿಯ ರಾಜ್ಯಗಳು ಒಟ್ಟು 16. ಅದು ನಮ್ಮ ಸಮಸ್ಯೆಯೇ ಅಲ್ಲ. ಅಂಗಡಿಗಳು 1,115 ಇವೆಯಲ್ಲ ಎನ್ನಬಹುದು. ಇವೆ, ಆದರೆ ತರಬೇತಿಯ ಸಾಲುಗಳು 10,17,209. ಅಂಗಡಿಯೊಂದಕ್ಕೆ ಒಂಬೈನೂರಕ್ಕೂ ಹೆಚ್ಚು. ಒಂಬೈನೂರು ಸಾಲಿದ್ದರೆ ಯಾವ ವಿಧಾನವೂ ಗೆಲ್ಲುತ್ತದೆ, ಬರಿಯ ಸರಾಸರಿಯೂ. ಅಮೆಜಾನ್ ಡೇಟಾದಂತೆ ಕೆಟಗರಿಗೆ ನಾಲ್ಕೇ ಸಾಲಿದ್ದಾಗ ಹತ್ತು ಆಯಾಮದ ವೆಕ್ಟರನ್ನು ಯಾವ ಸಾಕ್ಷ್ಯದಿಂದ ಕಲಿಯುತ್ತೀರಿ? ಎಲ್ಲರೂ ಕೆಟಗರಿಗಳನ್ನು ಎಣಿಸುತ್ತಾರೆ. ಎಣಿಸಬೇಕಾದ್ದು ಒಂದೊಂದು ಕೆಟಗರಿಗೆ ದಕ್ಕುವ ಸಾಲುಗಳನ್ನು. ಈ ಒಂದು ಗೊಂದಲ ಬಿಟ್ಟುಹೋದರೆ ಅರ್ಧ ವಾಗ್ವಾದ ತಾನಾಗಿ ಬಿದ್ದುಹೋಗುತ್ತದೆ.

ಎರಡನೆಯವರು ಬೆಂಚ್‌ಮಾರ್ಕ್ ಉದ್ಧರಿಸುವವರು. ಪಾರ್ಗೆಂಟ್ ಮತ್ತು ಸಂಗಡಿಗರ 2022ರ ಅಧ್ಯಯನ ಇವರ ಬ್ರಹ್ಮಾಸ್ತ್ರ. ಲ್ಯಾಸೋ, ರ‍್ಯಾಂಡಮ್ ಫಾರೆಸ್ಟ್, ಗ್ರೇಡಿಯಂಟ್ ಬೂಸ್ಟಿಂಗ್ ಸೇರಿದಂತೆ ಐದು ಬಗೆಯ ಆಲ್ಗಾರಿದಮ್ಮುಗಳ ಜೊತೆ ಹಲವು ಎನ್‌ಕೋಡಿಂಗ್‌ಗಳನ್ನು ಹೋಲಿಸಿದ ಗಂಭೀರ ಕೆಲಸ ಅದು. ಟಾರ್ಗೆಟ್ ಎನ್‌ಕೋಡಿಂಗ್ ಗೆದ್ದಿತು ಎಂದು ಅದರ ಸಾರಾಂಶವನ್ನು ಎಲ್ಲೆಡೆ ಹೇಳುತ್ತಾರೆ. ಗೆದ್ದದ್ದು ನಿಯಂತ್ರಿತ (ರೆಗ್ಯುಲರೈಸ್ಡ್) ರೂಪ ಎಂಬ ವಿಶೇಷಣವನ್ನು ನುಂಗಿಬಿಡುತ್ತಾರೆ. ಅದರಲ್ಲೂ ಮುಂದೆ ನಿಂತದ್ದು ಕ್ರಾಸ್ ವ್ಯಾಲಿಡೇಶನ್ ಜೊತೆಗೂಡಿದ ಮಿಕ್ಸೆಡ್ ಮಾಡೆಲ್: ಕೆಟಗರಿಗಳ ಪರಿಣಾಮವನ್ನು ರ‍್ಯಾಂಡಮ್ ಇಂಟರ್‌ಸೆಪ್ಟ್ ಎಂದು ಇಟ್ಟುಕೊಂಡು, ಎಷ್ಟು ಎಳೆಯಬೇಕೆಂಬುದನ್ನು ಡೇಟಾದಿಂದಲೇ ಅಂದಾಜು ಮಾಡುವ ಹಳೆಯ ಸಂಖ್ಯಾಶಾಸ್ತ್ರೀಯ ವಿಧಾನ. ಟಾರ್ಗೆಟ್ ಎನ್‌ಕೋಡಿಂಗಿನ ವಿಜಯಪತ್ರವೆಂದು ಹಿಡಿದು ತಿರುಗುವ ದಾಖಲೆಯನ್ನು ಸರಿಯಾಗಿ ಓದಿದರೆ ಅದು ಪ್ರತಿವಾದಿಯ ಕಡೆಯ ಸಾಕ್ಷಿ.

ಮೂರನೆಯವರು ನಮ್ಮ ಸಂಖ್ಯಾಶಾಸ್ತ್ರಜ್ಞರೇ. ಮಿಕ್ಸೆಡ್ ಮಾಡೆಲ್ ಇರುವಾಗ ಇದೆಲ್ಲ ಹುಡುಗಾಟ ಎಂದು ಮೂಗು ಮುರಿದು ಸುಮ್ಮನಾಗುವವರು. ಮೂಗು ಮುರಿಯುವುದಕ್ಕೆ ಇವರಿಗೆ ಹಕ್ಕಿದೆ, ಸುಮ್ಮನಾಗುವುದಕ್ಕೆ ಇಲ್ಲ. ಮೂವತ್ತು ಲಕ್ಷ ಸಾಲಿನ ಡೇಟಾದಲ್ಲಿ ಹತ್ತು ಕಾಲಂಗಳಿಗೆ ಒಟ್ಟಿಗೆ ಮಿಕ್ಸೆಡ್ ಮಾಡೆಲ್ ಓಡಿಸಲು ಹೋದ ಎಂಜಿನಿಯರ್ ಬೆಳಗಿನವರೆಗೆ ಕಾಯಬೇಕಾಗುತ್ತದೆ. ಆಮೇಲೆ ಒಂದು ಸಾಲಿನ ಕೋಡಿಗೆ ಮರಳುತ್ತಾರೆ. ಆ ನಡುವೆ ನಿಲ್ಲಬೇಕಾದ ಸರಳ ಸೂತ್ರವನ್ನು ಅವರ ಕೈಗೆ ಯಾರೂ ಕೊಡಲಿಲ್ಲ. ಅದು ಇತ್ತು, ಐವತ್ತು ವರ್ಷಕ್ಕೂ ಹಿಂದಿನಿಂದ.

ಮೊದಲೇ ಕಂಡ ಆ ವಿಮಾ ಸೂತ್ರದ ವಂಶಾವಳಿ ದೊಡ್ಡದು. ಕಾರ್ಮಿಕರ ಪರಿಹಾರ ವಿಮೆಯಲ್ಲಿ ಸಣ್ಣ ಕಾರ್ಖಾನೆಯ ಸ್ವಂತ ಅನುಭವವನ್ನು ಎಷ್ಟು ನಂಬಬೇಕು, ಅದೇ ಬಗೆಯ ಇತರ ಕಾರ್ಖಾನೆಗಳ ಅನುಭವವನ್ನು ಎಷ್ಟು ನಂಬಬೇಕು ಎಂದು ಅಮೆರಿಕದ ವಿಮಾ ಗಣಿತಜ್ಞರು ತಲೆ ಕೆಡಿಸಿಕೊಂಡಿದ್ದರು. ವಿಟ್ನಿಯವರ 1918ರ ಲೇಖನದಲ್ಲೇ ಬೆರಕೆಯ ಸೂತ್ರವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ ಹೋರಿಗಳ ತಳಿಗುಣ ಅಳೆಯುವುದಕ್ಕೆ ಇದೇ ತರ್ಕ ಬೆಳೆಸಿದರು: ನಾಲ್ಕು ಹೆಣ್ಣುಕರುಗಳ ಹಾಲು ನೋಡಿ ಹೋರಿಯನ್ನು ಹೊಗಳಬಾರದು, ನಾನೂರು ಕರುಗಳ ಹಾಲು ನೋಡಿ ಹೊಗಳಬಹುದು. ರಾಬಿನ್ಸ್ 1956ರಲ್ಲಿ ಎಂಪಿರಿಕಲ್ ಬೇಯ್ಸ್ ಎಂಬ ಹೆಸರು ಕೊಟ್ಟರು. ಜೇಮ್ಸ್ ಮತ್ತು ಸ್ಟೈನ್ 1961ರಲ್ಲಿ ಇಂಥ ಎಳೆತ ಬಿಡಿ ಬಿಡಿ ಸರಾಸರಿಗಳನ್ನು ಒಟ್ಟಾರೆ ತಪ್ಪಿನಲ್ಲಿ ಸೋಲಿಸುತ್ತದೆಂದು ಸಾಧಿಸಿದರು. ಬ್ಯೂಲ್‌ಮನ್ 1967ರಲ್ಲಿ ಸ್ಥಿರಾಂಕ ಏನಾಗಿರಬೇಕೆಂದು ಖಚಿತವಾಗಿ ಹೇಳಿದರು: ಕೆಟಗರಿಗಳ ಒಳಗಿನ ವೇರಿಯನ್ಸನ್ನು ಕೆಟಗರಿಗಳ ನಡುವಿನ ವೇರಿಯನ್ಸಿನಿಂದ ಭಾಗಿಸಿ.

ಒಟ್ಟು ವೇರಿಯನ್ಸಿನಿಂದ ಅಲ್ಲ, ನಡುವಿನ ವೇರಿಯನ್ಸಿನಿಂದ. ಎಲ್ಲ ವ್ಯತ್ಯಾಸ ಇಲ್ಲಿದೆ. ಅಮೆಜಾನ್ ಡೇಟಾದಂಥ ಸಂದರ್ಭದಲ್ಲಿ ಒಳಗಿನ ವೇರಿಯನ್ಸ್ ಸುಮಾರು 0.056 ಎಂದುಕೊಳ್ಳಿ. ಮ್ಯಾನೇಜರುಗಳ ನಿಜವಾದ ದರಗಳ ನಡುವಿನ ವೇರಿಯನ್ಸ್ 0.005 ಎಂದು ಡೇಟಾ ಹೇಳಿದರೆ ಸ್ಥಿರಾಂಕ 11. ಅದು 0.02 ಎಂದರೆ ಸ್ಥಿರಾಂಕ ಮೂರಕ್ಕಿಂತ ಸ್ವಲ್ಪ ಕಡಿಮೆ. ಮ್ಯಾನೇಜರುಗಳು ನಿಜಕ್ಕೂ ಒಬ್ಬರಿಗಿಂತ ಒಬ್ಬರು ಭಿನ್ನವಾಗಿದ್ದರೆ ಸ್ವಂತ ದಾಖಲೆಯನ್ನು ಬೇಗ ನಂಬು, ಎಲ್ಲರೂ ಒಂದೇ ಬಗೆಯವರಾದರೆ ನಿಧಾನಿಸು. ನಡುವಿನ ವೇರಿಯನ್ಸಿನ ಅಂದಾಜು ಸೊನ್ನೆಗೋ ಅದಕ್ಕಿಂತ ಕೆಳಗೋ ಬಂದರೆ ಆ ಕಾಲಂ ಏನನ್ನೂ ಹೇಳುತ್ತಿಲ್ಲ, ತೆಗೆದುಹಾಕು. ಬೇರೆ ಬೇರೆ ಕೆಟಗರಿಗೆ ಬೇರೆ ಬೇರೆ ಸಾಲುಗಳಿದ್ದಾಗ ಏನು ಮಾಡಬೇಕೆಂದು ಬ್ಯೂಲ್‌ಮನ್ ಮತ್ತು ಸ್ಟ್ರೌಬ್ 1970ರಲ್ಲೇ ಬರೆದರು. ಅದಕ್ಕೆ ಬೇಕಾದದ್ದು ಪ್ರತಿ ಕೆಟಗರಿಯ ಎಣಿಕೆ, ಮೊತ್ತ, ವರ್ಗಗಳ ಮೊತ್ತ; ಡೇಟಾವನ್ನು ಒಮ್ಮೆ ಓದಿದರೆ ಸಾಕು. ಟಾರ್ಗೆಟ್ ಎನ್‌ಕೋಡಿಂಗಿಗಿಂತ ಇದು ನಿಧಾನವೇನಲ್ಲ.

ಈ ಎರಡು ವೇರಿಯನ್ಸುಗಳನ್ನು ಬೇರ್ಪಡಿಸಿ ಅಂದಾಜು ಮಾಡುವುದು ಒಂದು ಸ್ವತಂತ್ರ ಶಾಸ್ತ್ರವೇ ಆಗಿ ಬೆಳೆದದ್ದರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಪಾಲು ದೊಡ್ಡದು. 1970ರ ದಶಕದ ಆರಂಭದಲ್ಲಿ ಅವರು ಮಿನ್ಕ್ಯೂ ಎಂಬ ವಿಧಾನವನ್ನು ಕೊಟ್ಟದ್ದು ನಿಖರವಾಗಿ ಈ ಕೆಲಸಕ್ಕೆ. ರಾವ್ ಹೆಸರಿನ ಸಮಾರಂಭಗಳಲ್ಲಿ ಕ್ರಾಮರ್-ರಾವ್ ಅಸಮಾನತೆಯನ್ನು ಎಲ್ಲರೂ ನೆನೆಯುತ್ತಾರೆ. ಬೆಂಗಳೂರಿನ ಸಾವಿರಾರು ಎಂಜಿನಿಯರುಗಳು ದಿನವೂ ತಪ್ಪಾಗಿ ಮಾಡುತ್ತಿರುವ ಒಂದು ಲೆಕ್ಕಕ್ಕೆ ಅವರು ದಾರಿ ಹಾಕಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಮಿಕ್ಕಿ-ಬರ್ರೆಕಾ ಪ್ರಬಂಧದ ಮೂರನೆಯ, ಬಹುಮಟ್ಟಿಗೆ ಮರೆತುಹೋದ ವಿಚಾರಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. 1972ರಲ್ಲಿ ಬಂದ ಪಿನ್ ಕೋಡಿನ ಆರು ಅಂಕಿಗಳು ಏಣಿಶ್ರೇಣಿಯೇ. ಸಾಲು ಕಡಿಮೆಯಿರುವ ಪಿನ್ ಕೋಡನ್ನು ಇಡೀ ದೇಶದ ಸರಾಸರಿಯ ಬದಲು ಮೊದಲ ಮೂರು ಅಂಕಿಗಳ ಸರಾಸರಿಯ ಕಡೆಗೆ ಎಳೆಯುವುದು ಖಂಡಿತ ಉತ್ತಮ. ಆದರೆ ಅದರಲ್ಲೂ ಕಣ್ಣು ತೆರೆದಿರಬೇಕು. ಆಗುಂಬೆಯ ಪಿನ್ 577411, ಚಳ್ಳಕೆರೆಯದು 577522. ಮೊದಲ ಮೂರು ಅಂಕಿ ಒಂದೇ. ಬೆಳೆ ವಿಮೆಯ ಮಾಡೆಲ್ಲಿನಲ್ಲಿ ಚಳ್ಳಕೆರೆಯ ಶೇಂಗಾ ಹೊಲವನ್ನು ಆಗುಂಬೆಯ ಮಳೆಯೊಂದಿಗೆ ಬೆರೆಸುವ ಸರಾಸರಿ ಯಾರಿಗೆ ಬೇಕು? ಪಿನ್ ಕೋಡ್ ಹುಟ್ಟಿದ್ದು ಅಂಚೆ ಚೀಲಗಳ ಅನುಕೂಲಕ್ಕೆ, ಮಲೆನಾಡು ಬಯಲುಸೀಮೆಗಳನ್ನು ಗುರುತಿಸುವುದಕ್ಕಲ್ಲ. ನಾಲ್ಕನೆಯ ಅಂಕಿಗೆ ಬಂದರೆ 5774 ಮತ್ತು 5775 ಬೇರೆಯಾಗುತ್ತವೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಪ್ರತಿ ಮೆಟ್ಟಿಲಿನ ನಡುವಿನ ವೇರಿಯನ್ಸ್ ಹೇಳುತ್ತದೆ. ಊರು ಬಲ್ಲವರು ಇನ್ನೂ ಬೇಗ ಹೇಳುತ್ತಾರೆ. ಒಂದೇ ಸಾಲಿನ ಕೋಡು ಎರಡನ್ನೂ ಕೇಳುವುದಿಲ್ಲ.

ಇನ್ನೆರಡು ದೋಷಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೆಟಗರಿಯ ಬರಿ ಸರಾಸರಿಯಲ್ಲಿ ಇತರ ಕಾಲಂಗಳ ಪರಿಣಾಮವೂ ಕಲಸಿಹೋಗಿರುತ್ತದೆ. ಸೂಕ್ಷ್ಮ ಸಂಪನ್ಮೂಲಗಳನ್ನೇ ನಿಭಾಯಿಸುವ ಮ್ಯಾನೇಜರು ಕಟ್ಟುನಿಟ್ಟಿನವರಂತೆ ಕಾಣುತ್ತಾರೆ. ಎರಡನೆಯದು, ಒಂದೇ ಸರಾಸರಿಯ ಇಬ್ಬರು ಮ್ಯಾನೇಜರುಗಳು ಎನ್‌ಕೋಡ್ ಆದ ಮೇಲೆ ಒಬ್ಬರೇ. ಒಬ್ಬರದು ನಾಲ್ಕು ಸಾಲಿನ ಸರಾಸರಿ, ಇನ್ನೊಬ್ಬರದು ನಾನೂರರದ್ದು ಎಂಬುದು ಮಾಡೆಲ್ಲಿಗೆ ತಿಳಿಯುವುದೇ ಇಲ್ಲ. ಸರಾಸರಿಯ ಕ್ರಮದಲ್ಲಿ ಕೆಟಗರಿಗಳನ್ನು ಜೋಡಿಸಿ ಮರದಲ್ಲಿ ಸೀಳುವ ಉಪಾಯವಂತೂ 1984ರ ಕಾರ್ಟ್ ಪುಸ್ತಕದಲ್ಲೇ ಇತ್ತು. ಅಲ್ಲಿ ಮರದ ಪ್ರತಿ ಕವಲಿನಲ್ಲೂ ಕ್ರಮ ಹೊಸದಾಗಿ ಲೆಕ್ಕವಾಗುತ್ತಿತ್ತು, ಲೈಟ್‌ಜಿಬಿಎಂ ಲೈಬ್ರರಿ ಈಗಲೂ ಹಾಗೆಯೇ ಮಾಡುತ್ತದೆ. ಟಾರ್ಗೆಟ್ ಎನ್‌ಕೋಡಿಂಗ್ ಆ ಕ್ರಮವನ್ನು ಬುಡದಲ್ಲೇ ಒಮ್ಮೆ ಗಟ್ಟಿಮಾಡಿಬಿಡುತ್ತದೆ. ಇದನ್ನು ಮುನ್ನಡೆ ಎನ್ನುವುದು ಕಷ್ಟ.

ಟಾರ್ಗೆಟ್ ಎನ್‌ಕೋಡಿಂಗ್ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಕೆಟಗರಿಗೆ ನೂರಾರು ಸಾಲುಗಳು ತುಂಬಿರುವಲ್ಲಿ ಅದು ಸಾಕು. ಅಲ್ಲಿ ಬೇರೆ ಯಾವುದಾದರೂ ಸಾಕು. ಸಾಲುಗಳು ತೆಳುವಾಗಿರುವಲ್ಲಿ, ಅಂದರೆ ನಿಜವಾದ ಕಷ್ಟ ಇರುವಲ್ಲಿ, ಅದು ಯಾರೋ ಇಟ್ಟುಹೋದ ತಿರುಪಿನ ಬೆಲೆಯನ್ನು ಡೇಟಾದ ಮಾತೆಂದು ದಾಟಿಸುತ್ತದೆ. ಆದ್ದರಿಂದ ಸಾಲ, ವಿಮೆ, ನೇಮಕಾತಿಯಂಥ ಕಡೆ ಮನುಷ್ಯರ ಹಣೆಬರಹ ತೀರ್ಮಾನಿಸುವ ಮಾಡೆಲ್ ಕಟ್ಟುವವರಲ್ಲಿ ಒಂದು ಕೋರಿಕೆ. ಲೈಬ್ರರಿಯನ್ನು ಕರೆಯುವ ಮೊದಲು ಒಂದೊಂದು ಕೆಟಗರಿಗೆ ಎಷ್ಟೆಷ್ಟು ಸಾಲಿದೆ ಎಂದು ಪಟ್ಟಿ ಮಾಡಿ. ಒಳಗಿನ ಮತ್ತು ನಡುವಿನ ವೇರಿಯನ್ಸುಗಳನ್ನು ಲೆಕ್ಕ ಹಾಕಿ, ಸ್ಥಿರಾಂಕವನ್ನು ಅವುಗಳಿಂದ ಪಡೆಯಿರಿ, ತರಬೇತಿಯ ಸಾಲುಗಳಿಗೆ ಎನ್‌ಕೋಡಿಂಗನ್ನು ತುಂಡು ತುಂಡಾಗಿ ಮಾಡಿ. ಎರಡು ಸಾಲಿನ ದಾಖಲೆಯ ಮೇಲೆ ಒಬ್ಬರಿಗೆ ಸೊನ್ನೆ ಬರೆಯುವ ಮಾಡೆಲ್ಲಿಗೆ ಸಹಿ ಹಾಕಬೇಡಿ.